ಕೋಳಿಗೂಡಿನ ಮೇಲಿನ ಸೊಳ್ಳೆಪರದೆ

ಆ ಬೀದಿಯ ಹಿಂದೆ ಒಂದು ಚರಂಡಿ. ಹರಿಯುವುದನ್ನು ಮರೆತು ಬಹಳ ಕಾಲವಾಗಿದ್ದ ಚರಂಡಿ. ಹೊತ್ತು ಮುಳುಗಿತೆಂದರೆ ಸೊಳ್ಳೆಗಳು ಅಲ್ಲಿಂದ ಎದ್ದು ಮನೆಮನೆಗೂ ಹೊರಡುತ್ತಿದ್ದವು. ಜನ ಬೈಯುತ್ತಿದ್ದರು, ಕೈ ಬಡಿಯುತ್ತಿದ್ದರು, ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಸೊಳ್ಳೆ ಕಚ್ಚಿದರೆ ಏನಾಗುತ್ತದೆ? ತುರಿಸುತ್ತದೆ. ತುರಿಸಿಕೊಂಡರೆ ಮುಗಿಯಿತು. ಇದು ಆ ಬೀದಿಯವರ ಲೆಕ್ಕಾಚಾರ. ನಮ್ಮ ನಿಮ್ಮ ಲೆಕ್ಕಾಚಾರವೂ ಅದೇ ಅಲ್ಲವೇ?

ಬೀದಿಯ ಕೊನೆಯ ಮನೆಯ ಸೊಸೆ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಿದ್ದಳು. ಮನೆ ಮುಂದೆ ತಗಡಿನ ಸೂರು, ಅದರ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಅಲ್ಲಲ್ಲಿ ಸುಟ್ಟ ಹಳೇ ಕಂಬಳಿ. ಗಂಡನದು ಪಕ್ಕದ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮೂರನೆಯವರು ಮಾವ. ಅವರು ಕಾರ್ಖಾನೆಯೊಂದರ ಗೇಟಿನಲ್ಲಿ ರಾತ್ರಿ ಕಾವಲು ಕಾಯುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಕೆಲಸ ಬಿಟ್ಟ ಮೇಲೂ ನಾಲ್ಕು ಗೋಡೆಯ ನಡುವೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಿತ್ತಲಲ್ಲಿ ಹಗ್ಗದ ಮಂಚ ಹಾಕಿಕೊಂಡು, ಆಕಾಶದ ಕೆಳಗೆ ಮಲಗಿದರೇ ಅವರಿಗೆ ಸಮಾಧಾನ.

ಮಾವನಿಗೆ ಒಂದು ಕಥೆ ಹೇಳಿ ಹೇಳಿ ಬೇಸರವೇ ಇರಲಿಲ್ಲ. ಒಮ್ಮೆ ಜೋರು ಮಳೆ ಬಂತಂತೆ. ಮ್ಯಾನೇಜರ್ ಕರುಣೆಯಿಂದ, "ಒಳಗೆ ಬಂದು ಬೆಚ್ಚಗೆ ಕೂತ್ಕೋ, ಬಾಗಿಲು ಹಾಕ್ಕೋ" ಅಂದನಂತೆ. "ನಾನು ಏನಂದೆ ಗೊತ್ತಾ?" ಎಂದು ಮಾವ ಎದೆಯುಬ್ಬಿಸುತ್ತಿದ್ದರು. "ಸಾರ್, ಕಾವಲುಗಾರನ್ನ ಒಳಗೆ ಕೂರಿಸಿ ಬಾಗಿಲು ಹಾಕಿದ್ರೆ ಅವನಿಗೆ ಕಾಣೋದು ಬಾಗಿಲು ಮಾತ್ರ, ಅಂದೆ." ಸೊಸೆ ಇಸ್ತ್ರಿ ಮಾಡುತ್ತಲೇ "ಹೌದಾ ಮಾವ" ಎನ್ನುತ್ತಿದ್ದಳು, ಅದೇ ಮೊದಲ ಸಲ ಕೇಳಿದವಳ ಹಾಗೆ.

ಅಂಥ ಮನೆಗೆ ಒಂದು ಬೆಳಿಗ್ಗೆ ಕೋಳಿಗಳು ಬಂದವು.

ತಂದವಳು ಪಶು ಆಸ್ಪತ್ರೆಯ ಹೆಣ್ಣುಮಗಳು. ಕೋಳಿಗಳ ರೆಕ್ಕೆಯಡಿಯಿಂದ ಸಣ್ಣ ಸೂಜಿಯಲ್ಲಿ ರಕ್ತ ತೆಗೆಯುತ್ತಿದ್ದುದರಿಂದ ಜನ ಅವಳನ್ನು 'ಕೋಳಿ ನರ್ಸಮ್ಮ' ಎಂದೇ ಕರೆಯುತ್ತಿದ್ದರು. ಅವಳೂ ಬೇಜಾರು ಮಾಡಿಕೊಂಡವಳಲ್ಲ. ಚರಂಡಿ, ಕೆರೆ, ಗದ್ದೆ ಇರುವ ಕಡೆಯೆಲ್ಲ ಒಂದೊಂದು ಮನೆಯಲ್ಲಿ ಇಂಥ ಕೋಳಿ ಸಾಕಲು ಕೊಡುತ್ತಿದ್ದಳು. ಈ ಬೀದಿಯಲ್ಲಿ ಹಿತ್ತಲು ಇದ್ದದ್ದು ಕೊನೆಯ ಮನೆಗೆ ಮಾತ್ರ.

"ಅಕ್ಕ, ಇವನ್ನ ಚೆನ್ನಾಗಿ ನೋಡ್ಕೊಳ್ಳಿ. ಕಾಲಲ್ಲಿ ಬಳೆ ಇದೆ ನೋಡಿ, ಅದನ್ನ ತೆಗೀಬೇಡಿ. ಮಾರೋ ಹಾಗಿಲ್ಲ, ಕೊಯ್ಯೋ ಹಾಗಿಲ್ಲ. ಮೊಟ್ಟೆ ನಿಮ್ಮದೇ. ನಾನು ಆಗಾಗ ಬಂದು ಸ್ವಲ್ಪ ರಕ್ತ ತಗೊಂಡು ಹೋಗ್ತೀನಿ."

"ರಕ್ತ ಯಾಕಮ್ಮ?"

"ಸೊಳ್ಳೆಯಿಂದ ಬರೋ ಮೆದುಳು ಜ್ವರ ಈ ಕಡೆ ಇದೆಯಾ ಅಂತ ನೋಡೋಕೆ. ಇವು ನಿಮ್ಮ ಬೀದಿಗೆ ಕಾವಲು ಇದ್ದ ಹಾಗೆ."

ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಎಲ್ಲೋ ಒಂದು ಹಸು ಕರು ಹಾಕಲು ಕಷ್ಟಪಡುತ್ತಿದೆ ಎಂದು ಫೋನ್ ಬಂತು. ಗಾಡಿ ಹತ್ತಿ ಹೊರಟೇ ಹೋದಳು.

ಮಂಚದ ಮೇಲಿದ್ದ ಮಾವ ಕಾವಲು ಎಂಬ ಮಾತು ಕೇಳಿ ಎದ್ದು ಕೂತರು. "ಓಹೋ, ನನ್ನ ಜಾಗಕ್ಕೆ ಇವರನ್ನ ತಗೊಂಡ್ರಾ? ಯೂನಿಫಾರಂ ಎಲ್ಲಿ?" ಅಂದರು. ಬಂದದ್ದು ನಾಲ್ಕು ಕೋಳಿ. ಅವರೇ ಹೆಸರಿಟ್ಟರು: ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್, ಓವರ್‌ಟೈಮ್. ಓವರ್‌ಟೈಮ್ ಎಂಬುದು ಕುಳ್ಳಗಿನ ಕಪ್ಪು ಕೋಳಿ. ಎಲ್ಲ ಮಲಗಿದ ಮೇಲೂ ಕೆದಕುತ್ತಲೇ ಇರುತ್ತಿತ್ತು.

ಆ ಸಮಯದಲ್ಲೇ ಗಂಡ ಅಪ್ಪನಿಗೆಂದು ಒಂದು ಸೊಳ್ಳೆಪರದೆ ತಂದ. ಮಂಚದ ನಾಲ್ಕು ಮೂಲೆಗೆ ಕೋಲು ನಿಲ್ಲಿಸಿ ಕಟ್ಟಿಯೂ ಕೊಟ್ಟ. ಮಾವ ಅದರೊಳಗೆ ಹೊಕ್ಕು, ಹೊರಳಿ, ಬೈದುಕೊಂಡು ಹೊರಬಂದರು.

"ಇದೇನೋ ಇದು, ಮೀನು ಹಿಡಿಯೋ ಬಲೆ? ಉಸಿರು ಕಟ್ಟುತ್ತೆ. ಇಷ್ಟು ವರ್ಷ ಗೇಟಲ್ಲಿ ಕೂತವನ್ನ ಕಚ್ಚಿ ಕಚ್ಚಿ ಸೊಳ್ಳೆಗೇ ಸಾಕಾಗಿದೆ, ನಂಗೇನಾಗಿಲ್ಲ. ಕೋಳಿಗೆ ಹೊದಿಸಿ ಹೋಗಿ. ಅವು ಡ್ಯೂಟಿಗೆ ಹೊಸಬರು."

ಅಂದದ್ದು ತಮಾಷೆಗೆ. ಆದರೆ ಆ ಸಂಜೆ ಸೊಸೆ ಗೂಡಿನ ಮುಂದೆ ಕೂತಾಗ ನೈಟ್ ಶಿಫ್ಟಿನ ಕೆಂಪು ಜುಟ್ಟಿನ ಮೇಲೆ ಸೊಳ್ಳೆಗಳು ಸಾಲಾಗಿ ಕೂತಿದ್ದವು. ಕೋಳಿ ತಲೆ ಒದರುತ್ತಿತ್ತು. ಅವು ಎದ್ದು ಮತ್ತೆ ಅಲ್ಲೇ ಕೂರುತ್ತಿದ್ದವು. ಅವಳಿಗೆ ಅಯ್ಯೋ ಅನ್ನಿಸಿತು. ಚೆನ್ನಾಗಿ ನೋಡಿಕೊಳ್ಳಿ ಎಂದು ಅಷ್ಟು ಹೇಳಿ ಹೋಗಿದ್ದಾರೆ, ಮಾತು ಬಾರದ ಜೀವ, ತುರಿಸಿಕೊಳ್ಳಲು ಕೈ ಸಹ ಇಲ್ಲ. ಪರದೆ ಹೇಗೂ ಬಿದ್ದಿದೆ. ಗೂಡಿನ ಮೇಲೆ ಹರಡಿ, ಅಂಚಿಗೆ ಕಲ್ಲಿಟ್ಟಳು. ಅದನ್ನು ನೋಡಿ ಗಂಡ ನಕ್ಕ. ಮಾವ, "ನೋಡ್ರಪ್ಪ, ನನ್ನ ಮಾತನ್ನೂ ಕೇಳೋರು ಒಬ್ಬರಿದ್ದಾರೆ ಈ ಮನೇಲಿ" ಅಂದರು.

ಅಂದಿನಿಂದ ಅದೇ ಅಭ್ಯಾಸವಾಯಿತು. ಸಂಜೆ ಹೊದಿಸುವುದು, ಬೆಳಿಗ್ಗೆ ತೆಗೆಯುವುದು. ಇಸ್ತ್ರಿ ಕೆಲಸದವಳು ತಾನೇ, ಪರದೆಯನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸಿ ಒಳಗಿಡುತ್ತಿದ್ದಳು. ನರ್ಸಮ್ಮ ಬರುತ್ತಿದ್ದದ್ದು ಬಿಸಿಲೇರಿದ ಮೇಲೆ. ಪರದೆ ಅವಳ ಕಣ್ಣಿಗೆ ಬೀಳಲೇ ಇಲ್ಲ.

"ಏನೂ ಇಲ್ಲ ಅಕ್ಕ, ನಿಮ್ಮ ಕೋಳಿ ರಕ್ತ ಕ್ಲೀನ್" ಎನ್ನುತ್ತಿದ್ದಳು ನರ್ಸಮ್ಮ ಪ್ರತಿ ಸಲ. ಸೇತುವೆಯಾಚೆಯ ಬೀದಿಯ ಕೋಳಿಗಳಲ್ಲಿ ಏನೋ ಸಿಕ್ಕಿತಂತೆ. ಅಲ್ಲಿ ಜನ ಬಂದು ಚರಂಡಿ ಬಿಡಿಸಿದರು, ನಿಂತ ನೀರಿಗೆ ಔಷಧಿ ಹಾಕಿದರು, ವಯಸ್ಸಾದವರನ್ನು ಕರೆದು ಬುದ್ಧಿ ಹೇಳಿದರು. ಈ ಬೀದಿಗೆ ಯಾರೂ ಬರಲಿಲ್ಲ. ಬರುವ ಕಾರಣವೇ ಇರಲಿಲ್ಲ. ಬೀದಿಯವರಿಗೆ ಅದೊಂದು ಹೆಮ್ಮೆ.

"ನಮ್ಮ ಸೊಳ್ಳೆಗಳು ಒಳ್ಳೆ ಮನೆತನದವು ಕಣಮ್ಮ" ಎಂದು ಮಾವ ಎದುರುಮನೆ ಅಜ್ಜಿಗೆ ಹೇಳುತ್ತಿದ್ದರು. ಅಜ್ಜಿ ಒಂಟಿ ಜೀವ, ಮಾವನಿಗಿಂತ ಹಿರಿಯಳು. ದಿನಾ ಕತ್ತಲಾಗುವ ಹೊತ್ತಿಗೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಎದುರಿನ ಸೂರಿನಡಿ ಕೂತ ಮಾವನ ಜೊತೆ ಜಗಳವಾಡುವುದೇ ಅವಳಿಗೆ ಹೊತ್ತು ಹೋಗುವ ದಾರಿ.

ಆಮೇಲೆ ಮಾವನಿಗೆ ಜ್ವರ ಬಂತು.

ಮೊದಲು ಬರೀ ತಲೆನೋವು, ಮೈಕೈ ನೋವು. "ಬಿಸಿಲಿಗೆ ಇರಬೇಕು" ಅಂದರು. ಮಾರನೇ ದಿನ ಕುತ್ತಿಗೆ ಬಗ್ಗಿಸಲಾಗಲಿಲ್ಲ. ಸೊಸೆ ಗಂಜಿ ತಂದು ಎಬ್ಬಿಸಿದರೆ ಅವಳ ಮುಖವನ್ನೇ ನೋಡಿ, "ಗೇಟಿನ ಬೀಗದಕೈ ಎಲ್ಲಿ? ಲಾರಿ ಬಂದು ನಿಂತಿದೆ" ಅಂದರು. ಅವಳು ಮೊದಲು ತಮಾಷೆ ಎಂದುಕೊಂಡಳು. ಮಾವನ ಬಾಯಲ್ಲಿ ತಮಾಷೆ ಬಿಟ್ಟು ಬೇರೆ ಏನು ಕೇಳಿದ್ದಳು? ಆದರೆ ಅವರು ಮತ್ತೆ ಕೇಳಿದರು, ಹೆದರಿದ ದನಿಯಲ್ಲಿ. ಅವಳು ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಗಂಡನ ಅಂಗಡಿಗೆ ಓಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಮೆದುಳಿಗೆ ಊತ ಬಂದಿದೆ, ಸೊಳ್ಳೆಯಿಂದ ಬರುವ ವೈರಸ್ ಇರಬಹುದು, ಪರೀಕ್ಷೆಗೆ ಕಳಿಸಿದ್ದೇವೆ ಅಂದರು. ಮಾವ ಕೊನೆಯವರೆಗೂ ಗೇಟಿನಲ್ಲೇ ಇದ್ದರು. ಯಾರೋ ಒಳಗೆ ನುಗ್ಗುತ್ತಿದ್ದಾರೆ ಎಂದು ಕೈ ಎತ್ತುತ್ತಿದ್ದರು. ಮಗ ಆ ಕೈ ಹಿಡಿದುಕೊಂಡು, "ಯಾರೂ ಇಲ್ಲಪ್ಪ, ನಾನು ನೋಡ್ಕೋತೀನಿ, ನೀವು ಮಲಗಿ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವರು ಮಲಗಿದರು. ಮತ್ತೆ ಏಳಲಿಲ್ಲ.

ಸಾವಿನ ಮನೆಗೆ ಜನ ಬಂದು ಹೋಗುವುದು ನಿಂತ ಮೇಲೆ ಮನೆ ಭಣಭಣ ಎನ್ನತೊಡಗಿತು. ಹಿತ್ತಲಿನ ಮಂಚವನ್ನು ತೆಗೆಯಲು ಯಾರಿಗೂ ಮನಸ್ಸು ಬರಲಿಲ್ಲ. ಗಂಡ ಅಂಗಡಿ ತೆರೆಯಲಿಲ್ಲ. ಪರೀಕ್ಷೆಯ ವರದಿ ಬಂದಿತ್ತು: ಅದೇ ಸೊಳ್ಳೆಯ ವೈರಸ್. ಅವನು ಕೋಳಿಗೂಡನ್ನೇ ದುರುಗುಟ್ಟಿ ನೋಡುತ್ತ ಕೂತ.

"ಇವುಗಳಿಂದಲೇ ಬಂದಿರೋದು" ಅಂದ. "ಅಪ್ಪ ಮಲಗ್ತಿದ್ದದ್ದು ಇವುಗಳ ಪಕ್ಕದಲ್ಲೇ. ನಾಳೆ ಬೆಳಿಗ್ಗೆ ಒಂದೂ ಇರಬಾರದು ಈ ಮನೇಲಿ. ಕೋಳಿ ಅಂಗಡಿಯವನಿಗೆ ಹೇಳಿದ್ದೀನಿ."

"ರೀ, ಅವು ನಮ್ಮವಲ್ಲ. ನರ್ಸಮ್ಮ..."

"ನರ್ಸಮ್ಮ ಏನು ಉಳಿಸಿಕೊಟ್ಟಳು? ಕ್ಲೀನ್ ಅಂದಳು, ಕ್ಲೀನ್. ನಂಬಿ ಕೂತ್ವಿ. ಅಪ್ಪ ಹೋದರು."

ಅವಳಿಗೂ ಅದೇ ಅನ್ನಿಸುತ್ತಿತ್ತು. ಸಂಜೆಯಾಗಿತ್ತು. ಕೈ ತಾನಾಗಿ ಪರದೆಯನ್ನು ತೆಗೆದುಕೊಂಡಿತು. ಗೂಡಿನ ಮೇಲೆ ಹರಡಿ, ಬಾಗಿ, ಕಲ್ಲು ಇಡುತ್ತಿರುವಾಗ ಹಿತ್ತಲ ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು.

ನರ್ಸಮ್ಮ. ಸುದ್ದಿ ತಿಳಿದು, ಕೆಲಸ ಮುಗಿಸಿ ನೇರ ಬಂದಿದ್ದಳು. ಎರಡು ಮಾತು ಸಮಾಧಾನ ಹೇಳಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಅವಳ ಕಣ್ಣು ಪರದೆಯ ಮೇಲಿತ್ತು.

"ಅಕ್ಕ," ಅಂದಳು ಮೆಲ್ಲಗೆ, "ಇದನ್ನ ದಿನಾ ಹಾಕ್ತೀರಾ?"

"ಹೂಂ. ಅವು ಬಂದಾಗಿನಿಂದ. ನೀವೇ ಅಲ್ವಾ ಚೆನ್ನಾಗಿ ನೋಡ್ಕೊಳ್ಳಿ ಅಂದಿದ್ದು?"

ನರ್ಸಮ್ಮ ಮಂಚದ ಅಂಚಿಗೆ ಕುಸಿದು ಕೂತಳು. ಅದು ಯಾರ ಮಂಚ ಎಂದು ಆಮೇಲೆ ಹೊಳೆದು ಏಳಲು ಹೋದಳು. ಸೊಸೆ ಅವಳ ಭುಜ ಹಿಡಿದು ಕೂರಿಸಿದಳು. "ಏನಾಯ್ತು? ಹೇಳಿ."

"ಅಕ್ಕ, ಇವನ್ನ ಸೊಳ್ಳೆ ಕಚ್ಚಬೇಕು. ಅದಕ್ಕೇ ಇಲ್ಲಿ ಬಿಟ್ಟಿರೋದು. ಸಂಜೆಯಿಂದ ಬೆಳಗಿನವರೆಗೆ ಆ ಸೊಳ್ಳೆ ಓಡಾಡುತ್ತೆ. ಅದು ಕೋಳಿನ ಕಚ್ಚಿದ್ರೆ, ವೈರಸ್ ಇದ್ದರೆ ರಕ್ತದಲ್ಲಿ ಅದರ ಗುರುತು ಉಳಿಯುತ್ತೆ. ಆ ಗುರುತು ನೋಡಿ ನಾವು ಓಡಿ ಬರೋದು, ಜನಕ್ಕೆ ಹೇಳೋದು. ಪರದೆ ಒಳಗಿದ್ದ ಕೋಳಿ ರಕ್ತ ಕ್ಲೀನಾಗೇ ಇರುತ್ತೆ. ಬೀದಿ ಹೇಗಾದರೂ ಇರಲಿ."

ಗೂಡಿನೊಳಗೆ ಓವರ್‌ಟೈಮ್ ಕೆದಕುತ್ತಲೇ ಇತ್ತು.

ಸೊಸೆಯ ಕಿವಿಯಲ್ಲಿ ಮಾವನ ದನಿ ಕೇಳಿಸಿತು. ಅದೆಷ್ಟು ಸಲ ಕೇಳಿ ಕೇಳಿ ಹೌದಾ ಎಂದಿದ್ದ ಮಾತು. ಕಾವಲುಗಾರನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದವಳು ತಾನೇ. ಅದೂ ಅವರಿಗೆಂದೇ ತಂದ ಪರದೆಯಿಂದ. ಅವಳು ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೊಟ್ಟೆಯೊಳಗಿಂದ ಬಂದ ಅಳು, ತಡೆದರೂ ನಿಲ್ಲಲಿಲ್ಲ.

"ಹಾಕದೇ ಇದ್ದಿದ್ರೆ ಮಾವ ಉಳೀತಿದ್ರಾ?" ಎಂದು ಕೇಳಿದಳು ಕೊನೆಗೆ.

ಸುಳ್ಳು ಸಮಾಧಾನ ಹೇಳುವುದು ಸುಲಭವಿತ್ತು. ನರ್ಸಮ್ಮ ಹೇಳಲಿಲ್ಲ. "ಗೊತ್ತಿಲ್ಲ ಅಕ್ಕ. ಯಾರೂ ಹೇಳೋಕಾಗಲ್ಲ. ಕೋಳಿ ರಕ್ತದಲ್ಲಿ ಸಿಗೋ ಮೊದಲೇ ಅವರಿಗೆ ಕಚ್ಚಿರಬಹುದಿತ್ತು. ಆದರೆ ಗುರುತು ಸಿಕ್ಕಿದ್ದಿದ್ರೆ ನಾನು ಬಂದು ಈ ಮಂಚದ ಮುಂದೆ ನಿಂತು, ಪರದೆ ಒಳಗೆ ಮಲಗಿ ಅಂತ ಹಟ ಮಾಡ್ತಿದ್ದೆ. ಆ ಅವಕಾಶ ತಪ್ಪಿಹೋಯ್ತು. ತಪ್ಪು ನಂದೂ ಇದೆ. ಚೆನ್ನಾಗಿ ನೋಡ್ಕೊಳ್ಳಿ ಅಂದೆ, ಸೊಳ್ಳೆ ಕಚ್ಚಲಿ ಬಿಡಿ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಇಷ್ಟು ಅಕ್ಕರೆಯಿಂದ ಸಾಕ್ತೀರಿ ಅಂತ ನಾನು ಎಣಿಸಿರಲಿಲ್ಲ."

ಗಂಡ ಗೋಡೆಗೆ ಒರಗಿ ನಿಂತಿದ್ದ. "ಅವಳೊಬ್ಬಳೇ ಅಲ್ಲ," ಅಂದ. "ನಾನೂ ದಿನಾ ನೋಡ್ತಿದ್ದೆ. ನೋಡಿ ನಗ್ತಿದ್ದೆ." ಆಮೇಲೆ ನರ್ಸಮ್ಮನ ಕಡೆ ತಿರುಗಿದ. "ಆದರೂ ಒಂದು ಮಾತು. ಕೋಳಿನ ಕಚ್ಚಿದ ಸೊಳ್ಳೆ ಆಮೇಲೆ ನಮ್ಮನ್ನ ಕಚ್ಚಲ್ವಾ? ನೀವೇ ಮನೆ ಬಾಗಿಲಿಗೆ ಕಾಯಿಲೆ ತಂದು ಕಟ್ಟಿದ ಹಾಗಲ್ವಾ ಇದು?"

"ಕೇಳಿದ್ದು ಒಳ್ಳೇದಾಯ್ತು ಅಣ್ಣ. ಈ ವೈರಸ್ ಬೆಳೆಯೋದು ಕೆಲವು ಕಾಡುಹಕ್ಕಿಗಳ ಮೈಯಲ್ಲಿ. ಅಂಥ ಹಕ್ಕಿನ ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ಅಂಟಿಸುತ್ತೆ. ಕೋಳಿ ಮೈಯಲ್ಲಿ ಅದು ಅಷ್ಟು ಬೆಳೆಯಲ್ಲ. ಕೋಳಿಗೆ ಕಾಯಿಲೆಯೂ ಬರಲ್ಲ, ಅದನ್ನ ಕಚ್ಚಿದ ಸೊಳ್ಳೆಗೆ ಹರಡೋ ಅಷ್ಟು ವೈರಸ್ಸೂ ಸಿಗಲ್ಲ. ಅದಕ್ಕೇ ಕೋಳಿ ಇಟ್ಟಿರೋದು. ಇವುಗಳಿಂದ ನಿಮ್ಮಪ್ಪನಿಗೆ ಬಂದಿಲ್ಲ. ಬಂದಿದ್ದು ಆ ಚರಂಡಿ ಕಡೆಯಿಂದ. ಮುಟ್ಟಿದ್ರೆ, ಪಕ್ಕದಲ್ಲಿ ಕೂತ್ರೆ ಒಬ್ಬರಿಂದ ಒಬ್ಬರಿಗೆ ಬರೋ ಕಾಯಿಲೆಯೂ ಅಲ್ಲ ಇದು."

"ಹಾಗಾದ್ರೆ ಬೀದಿಯವರಿಗೆಲ್ಲ..."

"ಕಚ್ಚಿಸಿಕೊಂಡ ಎಷ್ಟೋ ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ಜ್ವರ ಬಂದು ಹೋಗುತ್ತೆ. ಮೆದುಳಿಗೆ ಏರೋದು ಅಪರೂಪ. ಏರಿದ್ರೆ ವಯಸ್ಸಾದವರಿಗೇ ಹೆಚ್ಚು ಕಷ್ಟ."

ವಯಸ್ಸಾದವರು ಅಂದಾಗ ಮೂವರೂ ಒಟ್ಟಿಗೇ ತಿರುಗಿ ನೋಡಿದರು. ಹಿತ್ತಲ ಬಾಗಿಲಿಂದ ಮುಂಬಾಗಿಲು, ಮುಂಬಾಗಿಲಿಂದ ಬೀದಿ ನೇರ ಕಾಣುತ್ತಿತ್ತು. ಎದುರುಮನೆ ಅಜ್ಜಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಜಗಳಕ್ಕೆ ಜೊತೆಯಿಲ್ಲದೆ, ಕಾಲಿಗೆ ಕೂತ ಸೊಳ್ಳೆಯನ್ನು ಹೊಡೆಯುವ ಗೋಜಿಗೂ ಹೋಗದೆ ಸುಮ್ಮನೆ ಕೂತಿದ್ದಳು.

ಗಂಡ ಗೂಡಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ನಾಳೆ ಒಂದೂ ಇರಬಾರದು ಎಂದಿದ್ದವನು ಒಂದೊಂದೇ ಕಲ್ಲು ಎತ್ತಿ ಪಕ್ಕಕ್ಕಿಟ್ಟ. ಪರದೆ ಎಳೆದ. ನೈಟ್ ಶಿಫ್ಟ್ ತಲೆಯೆತ್ತಿ ಅವನನ್ನು ನೋಡಿತು. "ಇರು," ಅಂದ ಅದಕ್ಕೆ. "ಇನ್ಮೇಲೆ ಹೊರಗೇ ಇರು." ಪರದೆಯನ್ನು ಮುದ್ದೆ ಮಾಡಿ ಹೆಂಡತಿಯ ಕೈಗೆ ಕೊಟ್ಟ. ಅವಳು ಅಳುತ್ತಲೇ ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಮೂವರೂ ಬೀದಿ ದಾಟಿದರು.

"ಏನಿದು?" ಎಂದಳು ಅಜ್ಜಿ.

"ಸೊಳ್ಳೆಪರದೆ ಅಜ್ಜಿ. ಇವತ್ತಿಂದ ಇದರೊಳಗೆ ಮಲಗಬೇಕು. ಕತ್ತಲಾದ ಮೇಲೆ ಹೊರಗೆ ಕೂರಬಾರದು. ಕೂತ್ರೆ ಮೈ ತುಂಬ ಬಟ್ಟೆ ಹೊದ್ದು ಕೂರಬೇಕು" ಅಂದಳು ಸೊಸೆ.

"ಹೋಗಮ್ಮ. ಅದರೊಳಗೆ ಉಸಿರು ಕಟ್ಟುತ್ತೆ."

ಸೊಸೆ ಪರದೆಯ ಮಡಿಕೆ ಬಿಚ್ಚಿದಳು. "ಮಾವನೂ ಇದೇ ಮಾತು ಅಂದಿದ್ರು ಅಜ್ಜಿ" ಅಂದಳು.

ಅಜ್ಜಿ ಅವಳ ಮುಖ ನೋಡಿದಳು. ಮತ್ತೆ ಎದುರಿನ ಖಾಲಿ ಸೂರನ್ನು ನೋಡಿದಳು. ಗೊಣಗಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು, "ಬಾ, ಎಲ್ಲಿ ಕಟ್ಟಬೇಕೋ ಕಟ್ಟು" ಎಂದು ಒಳಗೆ ನಡೆದಳು.

ನರ್ಸಮ್ಮ ಅಲ್ಲೇ ನಿಂತು ಆಫೀಸಿಗೆ ಫೋನ್ ಮಾಡಿದಳು. ಈ ಬೀದಿಯ ಹಿಂದಿನ ಫಲಿತಾಂಶ ಒಂದನ್ನೂ ನಂಬಬೇಡಿ ಎಂದಳು. ಮರುದಿನ ಅವಳ ಜೊತೆ ಜನ ಬಂದು ಮೊದಲು ಚರಂಡಿ ಬಿಡಿಸಿದರು. ಮನೆಮನೆಗೆ ಹೋಗಿ ಡ್ರಮ್ಮು, ಟೈರು, ಒಡೆದ ಬಕೆಟ್ಟಿನಲ್ಲಿ ನಿಂತ ನೀರು ಚೆಲ್ಲಿಸಿದರು. ಸೈಕಲ್ ಅಂಗಡಿಯ ಹಿಂದಿನ ಹಳೇ ಟೈರುಗಳ ರಾಶಿಯನ್ನು ಗಂಡನೇ ಮುಂದೆ ನಿಂತು ಖಾಲಿ ಮಾಡಿಸಿದ. ಸ್ವಲ್ಪ ಕಾಲದ ಮೇಲೆ ರಕ್ತ ತೆಗೆದಾಗ ನೈಟ್ ಶಿಫ್ಟಿನ ರಕ್ತದಲ್ಲಿ ಗುರುತು ಸಿಕ್ಕಿತು. ಕೋಳಿಗೆ ಏನೂ ಆಗಿರಲಿಲ್ಲ, ಎಂದಿನಂತೆ ಮೊಟ್ಟೆ ಇಡುತ್ತಲೇ ಇತ್ತು. ಆದರೆ ಬೀದಿಗೆ ಬೀದಿಯೇ ಎಚ್ಚರವಾಯಿತು. ಆ ವರ್ಷ ಅಲ್ಲಿ ಮತ್ತೊಬ್ಬರಿಗೆ ಮೆದುಳು ಜ್ವರ ಬರಲಿಲ್ಲ. ಅಜ್ಜಿ ಇಂದಿಗೂ ಪರದೆಯನ್ನು ಬೈಯುತ್ತಾಳೆ. ಬೈಯುತ್ತಲೇ ಒಳಗೆ ಹೋಗಿ ಮಲಗುತ್ತಾಳೆ.

ಹಗ್ಗದ ಮಂಚ ಈಗಲೂ ಹಿತ್ತಲಲ್ಲೇ ಇದೆ. ಸಂಜೆ ಇಸ್ತ್ರಿ ಮುಗಿಸಿ ಸೊಸೆ ಕಾಳು ಹಾಕಲು ಹೋದರೆ ಕೋಳಿಗಳು ಅದರ ಮೇಲೆ ಹತ್ತಿ ಕೂತಿರುತ್ತವೆ. ಅವಳು ಓಡಿಸುವುದಿಲ್ಲ. ಕೆಲವು ದಿನ ಅವುಗಳಿಗೆ ಮಾವನ ಮಳೆಯ ಕಥೆ ಹೇಳುತ್ತಾಳೆ, ಪೂರ್ತಿ, ಮೊದಲಿನಿಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮಗೊಂದು ಮಾತು. ನಿಮ್ಮ ಬೀದಿಯಲ್ಲೂ ಕಾಲಿಗೆ ಬಳೆ ಹಾಕಿದ ಕೋಳಿಗಳಿರಬಹುದು. ಅವಕ್ಕೆ ಕಾಳು ಹಾಕಿ, ನೀರಿಡಿ, ನಾಯಿಯಿಂದ ಕಾಯಿರಿ. ಆದರೆ ಸೊಳ್ಳೆಯಿಂದ ಮರೆ ಮಾಡಬೇಡಿ, ಗೂಡಿಗೆ ಹೊಗೆ ಹಾಕಬೇಡಿ, ಒಂದು ಕೋಳಿ ಹೋದರೆ ಹೇಳದೆ ಅದರ ಬದಲು ಇನ್ನೊಂದನ್ನು ಇಡಬೇಡಿ. ಪಶು ಆಸ್ಪತ್ರೆಯವರು ಕೋಳಿಯದೋ ಹಂದಿಯದೋ ಕುದುರೆಯದೋ ರಕ್ತ ಕೇಳಿ ಬಂದರೆ ಬಾಗಿಲು ತೆರೆಯಿರಿ. ಯಾಕೆ ಎಂದು ಕೇಳಿ, ಪೂರ್ತಿ ಹೇಳುವವರೆಗೆ ಅವರನ್ನು ಬಿಡಬೇಡಿ. ಕಾಗೆ, ಹಕ್ಕಿಗಳು ಕಾರಣವಿಲ್ಲದೆ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಅವರಿಗೆ ತಿಳಿಸಿ. ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಮಾತು ದಿಕ್ಕುತಪ್ಪಿದರೆ, ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಮನೆಯ ಸುತ್ತ ನೀರು ನಿಲ್ಲಲು ಬಿಡಬೇಡಿ.

ಪರದೆ ಬೇಕಾದದ್ದು ನಿಮ್ಮ ಮನೆಯ ಹಿರಿಯರಿಗೆ. ಉಸಿರು ಕಟ್ಟುತ್ತದೆ ಎಂದು ಅವರು ರೇಗುತ್ತಾರೆ, ಗೊತ್ತು. ರೇಗಲಿ. ಇವತ್ತು ಸಂಜೆಯೇ ಕಟ್ಟಿಬಿಡಿ. ಬೈಗುಳವನ್ನು ನಾಳೆ ಬೆಳಿಗ್ಗೆ ಕೂತು ಕೇಳಿಸಿಕೊಳ್ಳಬಹುದು. ಬೈಯಲು ಅವರು ಇರಬೇಕು, ಅಷ್ಟೇ.